ಆರು ಫ್ಲಾಪಿ, ಒಂದು ಫ್ಲಾಪಿ ಮತ್ತು ನೀರಿನ ಪಾಳಿ

ತೊಂಬತ್ನಾಲ್ಕರ ಮಾತು. ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸ್ ಇತ್ತು. ಒಂದೇ ಕಂಪ್ಯೂಟರು, ಹನ್ನೆರಡು ಕುರ್ಚಿ. ಮಷಿನ್‌ಗೆ ಧೂಳಾದರೆ ಆಗದು ಅಂತ ಎಲ್ಲರೂ ಚಪ್ಪಲಿ ಮೆಟ್ಟಿಲ ಮೇಲೇ ಬಿಟ್ಟು ಒಳಗೆ ಹೋಗಬೇಕು. ಕೆಳಗಿನಿಂದ ಯೂರಿಯಾದ ವಾಸನೆ ಬಡಿಯುತ್ತಿತ್ತು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಈಗ ಆ ಮಾಳಿಗೆಯೂ ಇಲ್ಲ, ಆ ವಾಸನೆಯೂ ಇಲ್ಲ. ಹಸೀನಾಬೀಗೆ ಮಾತ್ರ ಎಲ್ಲೇ ಯೂರಿಯಾ ಚೀಲ ಬಿಚ್ಚಿದರೂ ಆ ದಿನಗಳೇ ನೆನಪಾಗುತ್ತವೆ.

ಹಸೀನಾಬೀ ಅಲ್ಲಿ ಕಲಿಸುತ್ತಿದ್ದಳು. ಆಗ ಆಕೆಗೆ ಇಪ್ಪತ್ತಾರು. ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದವಳು. ಆಕೆಯ ಅಪ್ಪ ಮಸ್ತಾನಸಾಬ ಕಾಲುವೆಯ ನೌಕರ; ಎಡದಂಡೆ ಕಾಲುವೆಯ ಒಂದು ಉಪಕಾಲುವೆಗೆ ತೂಬು ತೆಗೆದು ನಲವತ್ತೊಂದು ಹೊಲಗಳಿಗೆ ಪಾಳಿ ಪ್ರಕಾರ ನೀರು ಬಿಡುವುದು ಆತನ ಕೆಲಸ. ಮೂವತ್ತು ವರ್ಷ ಬಿಟ್ಟ. ನೀರಿನ ಸಲುವಾಗಿ ಆಚೀಚಿನ ಉಪಕಾಲುವೆಗಳ ಮೇಲೆ ಸಲಿಕೆಯಿಂದ ತಲೆ ಒಡೆದುಕೊಂಡವರಿದ್ದಾರೆ. ಮಸ್ತಾನಸಾಬನ ಕಾಲುವೆಯ ಮೇಲೆ ಒಂದು ಬಿರುಸು ಮಾತು ಬಂದಿರಲಿಲ್ಲ ಅಂದರೆ ಸುಮ್ಮನೆ ಅಂದುಕೊಂಡಿರೇನು? ಮೇಲಿನ ಎರಡು ಹೊಲಕ್ಕಾದ ಮೇಲೆ ಕೆಳಗಿನ ಒಂದಕ್ಕೆ, ಎತ್ತರದ ಹೊಲಕ್ಕೆ ಅರ್ಧ ತಾಸು ಹೆಚ್ಚಿಗೆ, ಇವರಿಗೂ ಅವರಿಗೂ ಅದಲು ಬದಲು – ಹೀಗೆ ತುದಿಯ ಹೊಲ ಒಣಗದ ಹಾಗೆ ಆತ ಹೊಂದಿಸಿದ್ದ. ಒಂದು ಚೀಟಿಯ ಮೇಲೂ ಬರೆದಿರಲಿಲ್ಲ, ಎಲ್ಲಾ ತಲೆಯೊಳಗೆ. ಬರೆಯಲು ಆತನಿಗೆ ಬರುತ್ತಲೂ ಇರಲಿಲ್ಲ ಅನ್ನಿ.

ಆ ಜೂನ್ ಕೊನೆಗೆ ಆತನ ನಿವೃತ್ತಿ. ಹೊಸದಾಗಿ ಬಂದ ಸೆಕ್ಷನ್ ಆಫೀಸರು ಚಲೋ ಮನುಷ್ಯರೇ, ಆದರೆ ಕಾಗದದ ಮನುಷ್ಯರು. ಬಾಯಿಮಾತಿನ ಪಾಳಿ ಇನ್ನು ನಡೆಯುವುದಿಲ್ಲ, ಜೂನ್ ಕೊನೆಯೊಳಗೆ ಯಾರಿಗೆ ಯಾವಾಗ ಎಷ್ಟು ತಾಸು ಅಂತ ಪಟ್ಟಿ ಕೊಟ್ಟರೆ ಸರಿ, ಇಲ್ಲವೆಂದರೆ ಸರ್ವೆ ನಂಬರಿನ ಪ್ರಕಾರ ಮೇಲಿನಿಂದ ಕೆಳಗೆ ತಾವೇ ಪಟ್ಟಿ ಮಾಡಿಬಿಡುವುದಾಗಿ ಹೇಳಿದರು. ಮೇಲಿನಿಂದ ಕೆಳಗೆ ಅಂದರೆ ಏನರ್ಥ ಅಂತ ಕಾಲುವೆ ಕೆಳಗಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರ ಗದ್ದೆ ತುಂಬಿ ಉಕ್ಕಬೇಕು, ತುದಿಯ ದುರುಗಪ್ಪನಂಥವರು ಬಾಯಿ ಬಿಟ್ಟುಕೊಂಡು ಕೂಡಬೇಕು. ಮಸ್ತಾನಸಾಬ ಆ ರಾತ್ರಿ ಊಟ ಬಿಟ್ಟ. ಮೂವತ್ತು ವರ್ಷ ಕಾಯ್ದದ್ದು ಮೂವತ್ತನೇ ತಾರೀಖಿಗೆ ಮಣ್ಣುಪಾಲಾಗುತ್ತದಲ್ಲ ಅಂತ ಆತನ ಸಂಕಟ.

ಹಸೀನಾ ಧೈರ್ಯ ಹೇಳಿದಳು, ಪಟ್ಟಿ ತಾನು ಮಾಡಿಕೊಡುತ್ತೇನೆ ಅಂದಳು. ಅಷ್ಟು ಸುಲಭ ಅಂತ ತಿಳಿದಿದ್ದಳು ಪಾಪ. ಮೊದಲು ಕಾಗದದ ಮೇಲೆ ಬರೆಯಲು ಕುಳಿತಳು. ಹದಿನೇಳನೆಯವರು ಯಾರು ಅಂತ ಕೇಳಿದರೆ ಅಪ್ಪ ಪಿಳಿಪಿಳಿ ನೋಡುವನು. ದುರುಗಪ್ಪನ ಹಿಂದೆ, ಅಂದರೆ ಆತನಿಗಿಂತ ಮೊದಲು, ಯಾರು ಅಂದರೆ ಕೇಳುವ ಮೊದಲೇ ಉತ್ತರ. ಆತನಿಗೆ ಪಟ್ಟಿ ಗೊತ್ತಿರಲಿಲ್ಲ. ಯಾರ ಹಿಂದೆ ಯಾರು ಅನ್ನುವುದಷ್ಟೇ ಗೊತ್ತು. ಆಮೇಲೆ ಕ್ಲಾಸಿನಲ್ಲಿ ಕಲಿಸುತ್ತಿದ್ದ ಬೇಸಿಕ್ ಭಾಷೆಯಲ್ಲಿ ಬರೆದು ನೋಡಿದಳು. ಅಪ್ಪನಿಗೆ ಒಂದು ಅದಲು ಬದಲು ತಡವಾಗಿ ನೆನಪಾದರೆ ಸಾಕು, ಬರೆದ ಇನ್ನೂರು ಸಾಲು ಬುಡಮೇಲು. ವಾರದೊಳಗೆ ಆಕೆಯ ತಲೆ ಕೆಟ್ಟು ಕೆರ ಹಿಡಿಯಿತು.

ಆಗ ನೆನಪಾದವರು ಸೂಗಪ್ಪ ಸರ್. ರಾಯಚೂರಿನಲ್ಲಿ ಆಕೆಗೆ ಕಲಿಸಿದವರು. ಈಗ ಲಿಂಗಸುಗೂರಿನಲ್ಲಿ ತಮ್ಮದೇ ಕಂಪ್ಯೂಟರ್ ಸೆಂಟರ್ ಹಾಕಿಕೊಂಡಿದ್ದರು. ಪತ್ರ ಬರೆದಳು. ಭಾನುವಾರ ಮಸ್ಕಿಗೆ ಬಾ, ನಿಮ್ಮ ಅಬ್ಬಾನನ್ನೂ ಕರೆದುಕೊಂಡು ಬಾ, ಇಬ್ಬರಿಗೂ ನಡುವೆ ಆಗುತ್ತದೆ ಅಂತ ಉತ್ತರ ಬಂತು.

ಮಸ್ಕಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮೂವರೂ ಕುಳಿತರು. ಮಿರ್ಚಿ, ಮಂಡಕ್ಕಿ ಬಂತು. ಕಿಟಕಿಯಲ್ಲಿ ಶಾಸನದ ಗುಡ್ಡ ಬಿಸಿಲಿಗೆ ಕಾಯುತ್ತಿತ್ತು. ಸೂಗಪ್ಪ ಸರ್ ಹಸೀನಾಳ ಕಡೆ ನೋಡಲೇ ಇಲ್ಲ, ಮಸ್ತಾನಸಾಬನನ್ನೇ ಕೇಳತೊಡಗಿದರು. ದುರುಗಪ್ಪನ ಪಾಳಿ ಯಾವಾಗ? ಪಂಪಮ್ಮಂದು ಮುಗಿದ ಮೇಲೆ. ಪಂಪಮ್ಮಂದು ಯಾವಾಗ ಮುಗಿಯುತ್ತದೆ? ಆಕೆಯ ಹಿಂದಿನವರದು ಮುಗಿದ ಮೇಲೆ ಮೂರು ತಾಸಿಗೆ. ಮತ್ತೆ ಅವರದು? ಹೀಗೆ ಐದಾರು ಹೊಲ ಮೇಲೆ ಹತ್ತಿದರು. ಸರ್ ಮಿರ್ಚಿ ಕೈಯಲ್ಲೇ ಹಿಡಿದು ನಕ್ಕರು.

"ಹಸೀನಾ, ನಿಮ್ಮ ಅಬ್ಬಾ ಮೂವತ್ತು ವರ್ಷದಿಂದ ಫಂಕ್ಷನಲ್ ಭಾಷೆ ಮಾತಾಡಾಕತ್ತಾರ. ನೀ ಬೇಸಿಕ್‌ನ್ಯಾಗ ಹುಡುಕಾಕತ್ತೀದಿ."

ಅವರು ಬಿಡಿಸಿ ಹೇಳಿದ್ದಿಷ್ಟು. ಬೇಸಿಕ್‌ನಲ್ಲಿ ಮಷಿನ್‌ಗೆ ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ ಆಳಿಗೆ ಹೇಳಿದ ಹಾಗೆ ಹೇಳುತ್ತೇವೆ. ಲಿಸ್ಪ್ ಅಂತ ಒಂದು ಭಾಷೆ ಇದೆ, ಅದರಲ್ಲಿ ಹಾಗೆ ಹೇಳಬೇಕಾಗಿಲ್ಲ. ಏನೆಂದರೆ ಏನು ಅಂತ ಹೇಳಿದರೆ ಸಾಕು. ಒಬ್ಬರ ಪಾಳಿ ಅಂದರೆ ಅವರ ಹಿಂದಿನವರದು ಮುಗಿಯುವ ಹೊತ್ತು. ಮುಗಿಯುವ ಹೊತ್ತು ಅಂದರೆ ಪಾಳಿ ಶುರುವಾದದ್ದಕ್ಕೆ ಅವರ ತಾಸು ಕೂಡಿಸಿದ್ದು. ಆಮೇಲೆ ಯಾರ ಹೆಸರು ಕೇಳಿದರೂ ಮಷಿನ್ನೇ ಹಿಂದಿನವರನ್ನು, ಅವರ ಹಿಂದಿನವರನ್ನು ಕೇಳುತ್ತಾ ಹೋಗಿ ಉತ್ತರ ತರುತ್ತದೆ. ಒಂದು ಅದಲು ಬದಲು ಬಂದರೆ ಒಂದೇ ಸಾಲು ತಿದ್ದಿದರಾಯಿತು. ಮಸ್ತಾನಸಾಬನಿಗೆ ಎಲ್ಲವೂ ತಿಳಿಯಿತೋ ಇಲ್ಲವೋ, ತನ್ನ ಹಾಗೆ ಯೋಚಿಸುವ ಒಂದು ಭಾಷೆ ಇದೆ ಅನ್ನುವುದು ಮಾತ್ರ ತಿಳಿಯಿತು. ಬಹಳ ದಿನದ ಮೇಲೆ ಅಂದು ಆತ ಹೊಟ್ಟೆ ತುಂಬಾ ತಿಂದ.

ಈಗ ಬಂತು ನೋಡಿ ಪಂಚಾಯ್ತಿ. ಆ ಭಾಷೆ ನಡೆಯಬೇಕೆಂದರೆ ಅದಕ್ಕೆ ಸಾಮಾನು ಬೇಕಲ್ಲ. ಸೂಗಪ್ಪ ಸರ್ ಹತ್ತಿರ ಎರಡು ಬಗೆಯದಿತ್ತು. ಒಂದು ಆರು ಫ್ಲಾಪಿಯದು: ಅದರಲ್ಲೇ ಬರೆಯುವ ಜಾಗ, ಕಂಸ ಮುಚ್ಚಿದರೆ ಅದು ಎಲ್ಲಿ ತೆರೆದದ್ದು ಅಂತ ಹೊಳೆದು ತೋರಿಸುವ ಅನುಕೂಲ, ಮೇಲೆ ಮೆನು, ತಿಳಿಯದಿದ್ದರೆ ಸಹಾಯದ ಪುಟ. ನೋಡಲು ಮದುವಣಗಿತ್ತಿ. ಇನ್ನೊಂದು ಒಂದೇ ಫ್ಲಾಪಿಯದು: ಕಪ್ಪು ಪರದೆ, ಮೂಲೆಯಲ್ಲಿ ಅಪ್ಪಣೆಗೆ ಕಾಯುವ ಒಂದು ಗುರುತು, ಅಷ್ಟೇ. ಅದರ ಜೊತೆಗೆ ಅಕ್ಷರ ಮಾಸಿದ ಇಪ್ಪತ್ತು ಹಾಳೆ ಝೆರಾಕ್ಸು. ಸರ್‌ಗೆ ಆರು ಫ್ಲಾಪಿಯದರ ಮೇಲೆ ಬಲು ಪ್ರೀತಿ. ಆದರೂ ಎರಡನ್ನೂ ಕೊಟ್ಟು, ಕ್ಲಾಸಿನ ಮಷಿನ್ ಸಣ್ಣದು, ಜಾಗ ಒಂದಕ್ಕೇ ಆಗುತ್ತದೆ, ನೋಡಿ ಒಂದನ್ನು ಆರಿಸಿಕೋ ಅಂದರು. ಏನಾದರೂ ಅಡ್ಡಿಯಾದರೆ ಬರೆದು ಬುತ್ತಿಯಲ್ಲಿ ಕಳಿಸು ಅಂತಲೂ ಹೇಳಿದರು.

ಬುತ್ತಿ ಅಂದರೆ ಬುತ್ತಿಯೇ. ಹಳ್ಳಿಯ ತಾಯಂದಿರು ಪೇಟೆಯಲ್ಲಿ ಓದುವ ಮಕ್ಕಳಿಗೆ ರೊಟ್ಟಿ ಕಟ್ಟಿ ಬಸ್ಸಿನಲ್ಲಿ ಇಡುತ್ತಿದ್ದರಲ್ಲ, ಆ ಲಿಂಗಸುಗೂರು ಬಸ್ಸಿನ ಡಬ್ಬಿಗಳ ನಡುವೆ ಹಸೀನಾಳ ಡಬ್ಬಿಯೂ ಹೋಗತೊಡಗಿತು. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫ್ಲಾಪಿ, ಒಂದು ಚೀಟಿ. ಬರೀ ಡಬ್ಬಿ ಕಳಿಸುವುದು ಮನೆತನಕ್ಕೆ ಶೋಭೆಯಲ್ಲ ಅಂತ ಹಸೀನಾಳ ಅಮ್ಮಿ ಜುಬೇದಾಬೀ ಮೇಲೆ ನಾಲ್ಕು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಇಡುವಳು. ಒಂದು ಸಲ ಬಿಸಿ ರೊಟ್ಟಿ ಇಟ್ಟು ಫ್ಲಾಪಿಯೇ ಬಾಗಿತು. ರೊಟ್ಟಿ ಭಾಳ ರುಚಿ ಆಗಿದ್ದವು, ಫ್ಲಾಪಿ ಮಾತ್ರ ಓದಲು ಬರಲಿಲ್ಲ ಅಂತ ಸರ್ ಚೀಟಿ ಬರೆದಿದ್ದರು. ಆ ಚೀಟಿಯನ್ನು ಹಸೀನಾ ಇನ್ನೂ ಇಟ್ಟುಕೊಂಡಿದ್ದಾಳೆ.

ಆಕೆ ಮೊದಲು ಆರಿಸಿದ್ದು ಆರು ಫ್ಲಾಪಿಯದನ್ನೇ. ಯಾರಾದರೂ ಅದನ್ನೇ ಆರಿಸುತ್ತಿದ್ದರು. ಹತ್ತು ಹೊಲ ಹಾಕಿದಳು, ಚೆಂದ ನಡೆಯಿತು. ಹದಿನೈದು ಹಾಕಿದಳು, ತಡವರಿಸಿತು. ನಲವತ್ತೊಂದೂ ಹಾಕಿ, ದುರುಗಪ್ಪನ ನಂತರ ನೀರು ಪಡೆಯುವ ಕನಕಮ್ಮನ ಪಾಳಿ ಕೇಳಿದಳು. ಪರದೆ ನಿಂತೇ ಬಿಟ್ಟಿತು. ಮೆನು ಅಲ್ಲೇ, ಬಣ್ಣ ಅಲ್ಲೇ, ಉಸಿರಿಲ್ಲ. ತಪ್ಪು ತಾನು ಬರೆದದ್ದರಲ್ಲೋ, ಮಷಿನ್‌ಗೆ ಜಾಗ ಸಾಲದೋ ಅಂತ ಗೊತ್ತಾಗುವಂತೆಯೇ ಇರಲಿಲ್ಲ. ಸರ್‌ಗೆ ಕಳಿಸಿದಳು. ಅವರ ಮಷಿನ್ ದೊಡ್ಡದು, ಅಲ್ಲಿಯೂ ಹೊತ್ತು ತೆಗೆದುಕೊಂಡು ಕೊನೆಗೆ ನಿಂತಿತಂತೆ. ಈ ಓಡಾಟದಲ್ಲೇ ಹನ್ನೆರಡು ದಿನ ಹೋದವು. ತಿಂಗಳು ಮುಗಿಯಲು ಇನ್ನೆಂಟು ದಿನ ಉಳಿದಿತ್ತು. ಆಕೆ ಆರು ಫ್ಲಾಪಿಯದನ್ನು ಅಳಿಸಿದಳು. ಆ ಜಾಗದಲ್ಲಿ ಒಂದು ಫ್ಲಾಪಿಯದನ್ನು ಹಾಕಿದಳು.

ಒಂದು ಫ್ಲಾಪಿಯದರಲ್ಲಿ ಕಂಸ ತೋರಿಸುವವರು ಯಾರು? ಲಿಸ್ಪ್‌ನಲ್ಲಿ ಕಂಸಗಳದೇ ರಾಜ್ಯ, ಒಂದು ಹೆಚ್ಚುಕಡಿಮೆಯಾದರೂ ನಡೆಯದು. ಬರೆದದ್ದನ್ನು ಪ್ರಿಂಟ್ ತೆಗೆದು ಮನೆಗೆ ತಂದು ಎಣಿಸುತ್ತಾ ಕುಳಿತಿದ್ದಳು. ಎಣಿಕೆ ಮೂರು ಸಲ ತಪ್ಪಿದ್ದು ನೋಡಿ ಜುಬೇದಾಬೀ ಮೊರ ತಂದು ಪಕ್ಕಕ್ಕೆ ಕುಳಿತಳು. ಆಕೆ ಓದಿದವಳಲ್ಲ. ಬಾಗಿದ ಗೆರೆಗೆ ಓದು ಯಾಕೆ ಬೇಕು ಅಂದಳು. ತೆರೆದ ಕಂಸ ಬಂದರೆ ಮೊರದಲ್ಲಿ ಒಂದು ಜೋಳದ ಕಾಳು ಇಡುವಳು, ಮುಚ್ಚಿದ ಕಂಸ ಬಂದರೆ ಒಂದು ತೆಗೆಯುವಳು. ಕೊನೆಗೆ ಮೊರ ಖಾಲಿಯಾದರೆ ಸರಿ, ಕಾಳು ಉಳಿದರೆ ತಪ್ಪು. ಎರಡು ಕಾಳು ಉಳಿದವು. ಹುಡುಕಿದರೆ ಎರಡು ಕಂಸ ಖರೇನೇ ಬಿಟ್ಟುಹೋಗಿದ್ದವು. ಅಂದಿನಿಂದ ಆ ಮನೆಯಲ್ಲಿ ಊಟಕ್ಕೆ ಮೊದಲು ಕಂಸದ ಎಣಿಕೆ. ಆರು ಫ್ಲಾಪಿಯಲ್ಲಿದ್ದ ಅನುಕೂಲ ಅಮ್ಮಿಯ ಮೊರದಲ್ಲಿ ಸಿಕ್ಕಿತು ಅಂತ ಹಸೀನಾ ಸರ್‌ಗೆ ಬರೆದಳು.

ಆದರೆ ಕನಕಮ್ಮನ ಪಾಳಿಗೆ ಇದರಲ್ಲಿಯೂ ಉತ್ತರ ಬರಲಿಲ್ಲ. ಒಂದೇ ವ್ಯತ್ಯಾಸ: ಇದು ಸುಮ್ಮನೆ ನಿಲ್ಲಲಿಲ್ಲ, ಜಾಗ ಮುಗಿಯಿತು ಅಂತ ಒಂದು ಸಾಲು ಹೇಳಿ ಮತ್ತೆ ತನ್ನ ಗುರುತು ತೋರಿಸಿ ಕಾಯ್ದುಕೊಂಡು ನಿಂತಿತು. ಝೆರಾಕ್ಸಿನ ಹದಿನೆಂಟನೇ ಹಾಳೆಯಲ್ಲಿ ಆಕೆಗೆ ಒಂದು ದಾರಿ ಸಿಕ್ಕಿತು. ಜಾಡು ತೋರಿಸು ಅಂತ ಒಂದು ಅಪ್ಪಣೆ ಕೊಟ್ಟರೆ ಮಷಿನ್ ತಾನು ಯಾರನ್ನು ಕೇಳಿದೆ, ಆಮೇಲೆ ಯಾರನ್ನು ಕೇಳಿದೆ ಅಂತ ಒಂದೊಂದು ಹೆಸರನ್ನೂ ಪರದೆಯ ಮೇಲೆ ಬರೆಯುತ್ತಾ ಹೋಗುತ್ತಿತ್ತು.

ಜೂನ್ ಇಪ್ಪತ್ತಾರು, ಭಾನುವಾರ. ಕ್ಲಾಸಿಗೆ ರಜೆ. ಹಸೀನಾ ಅಪ್ಪನನ್ನು ಕರೆತಂದಳು. ಮಸ್ತಾನಸಾಬ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಮಸೀದಿಗೆ ಹೊಕ್ಕ ಹಾಗೆ ತಲೆಗೆ ಟವೆಲ್ ಹಾಕಿಕೊಂಡು ಒಳಗೆ ಬಂದ. ಜಾಡು ಶುರುವಾಯಿತು. ಹೆಸರುಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು, ಪರದೆ ತುಂಬಿದಾಗ ತಡೆದು ತಡೆದು ಆಕೆ ಓದಿ ಹೇಳಿದಳು. ಕನಕಮ್ಮ. ಆಕೆಯ ಹಿಂದೆ ದುರುಗಪ್ಪ. ದುರುಗಪ್ಪನ ಹಿಂದೆ ಪಂಪಮ್ಮ. ಮಸ್ತಾನಸಾಬ ಕಣ್ಣು ಮುಚ್ಚಿದ. ಒಂದೊಂದು ಹೆಸರಿಗೂ ಆತನ ತಲೆ ಸಣ್ಣಗೆ ಆಡುತ್ತಿತ್ತು. ಕಾಲುವೆಯ ಏರಿಯ ಮೇಲೆ ತಾನೇ ನಡೆದ ಹಾಗೆ, ಇಲ್ಲಿ ಬಾರೆ ಮರ, ಇಲ್ಲಿ ಕಲ್ಲಿನ ಸೇತುವೆ ಅಂತ ಒಮ್ಮೊಮ್ಮೆ ತಾನೇ ಅಂದುಕೊಳ್ಳುವನು. ಆ ಮಧ್ಯಾಹ್ನದಷ್ಟು ಹತ್ತಿರ ಅಪ್ಪನನ್ನು ತಾನು ಮೊದಲು ಕಂಡಿರಲಿಲ್ಲ ಅಂತ ಹಸೀನಾಗೆ ಅನ್ನಿಸಿತು. ನಲವತ್ತು ಹೆಸರು ದಾಟಿ ಬಾಬುಸಾಬ್ ಬಂತು. ಬಾಬುಸಾಬ್‌ನ ಹಿಂದೆ ಕನಕಮ್ಮ. ಕನಕಮ್ಮನ ಹಿಂದೆ ದುರುಗಪ್ಪ.

"ನಿಂದ್ರಸು," ಅಂದ ಮಸ್ತಾನಸಾಬ.

ಮಷಿನ್ ಸುತ್ತು ಹೊಡೆಯುತ್ತಿತ್ತು. ಬಾಬುಸಾಬ್‌ನ ಹಿಂದೆ ಯಾರು ಅಂತ ಆಕೆ ಮೊದಲು ಕೇಳಿದ್ದಾಗ ಅಪ್ಪ ಕನಕಮ್ಮ ಅಂದಿದ್ದ. ಅದು ಸುಳ್ಳಲ್ಲ, ಒಂದು ಸುತ್ತು ಕನಕಮ್ಮನಲ್ಲಿ ಮುಗಿದರೆ ಮುಂದಿನ ಸುತ್ತು ಬಾಬುಸಾಬ್‌ನಿಂದ ಶುರು. ತಲೆಯೊಳಗಿನ ಪಾಳಿಗೆ ಮೊದಲು ಕೊನೆ ಅಂತ ಇರುವುದಿಲ್ಲ. ಮಷಿನ್‌ಗೆ ಮಾತ್ರ ಎಲ್ಲಿಯಾದರೂ ನಿಲ್ಲುವ ಜಾಗ ಬೇಕು, ಹಿಂದೆ ಯಾರೂ ಇಲ್ಲದ ಒಬ್ಬರು ಬೇಕು. ಹಸೀನಾ ಅದನ್ನೇ ಕೇಳಿದಳು: ಕನಕಮ್ಮಂದು ಮುಗಿದು ಬಾಬುಸಾಬ್‌ದು ಶುರುವಾಗುವ ನಡುವೆ ಏನಾದರೂ ಐತೇನು?

ಕೆಳಗೆ ಅಂಗಡಿಯವರು ಚೀಲ ಎಸೆಯುವ ಸದ್ದು ಬರುತ್ತಿತ್ತು. ಮಸ್ತಾನಸಾಬ ಟವೆಲ್ ತೆಗೆದ, ಮತ್ತೆ ಹಾಕಿಕೊಂಡ.

"ಐತಿ ಬೇಟಾ. ಒಂದು ತಾಸು ಐತಿ. ಬಾಬುಸಾಬ್‌ನ ಹಿಂದ ನನ್ನ ಕೇಳಬೇಕು."

ಆಮೇಲೆ ತಡೆತಡೆದು ಹೇಳಿದ. ತೂಬು ತೆಗೆಯುವವನಿಗೆ ಸುತ್ತಿನ ಮೊದಲ ತಾಸಿನ ನೀರು ಬಿಡುವುದು ಆ ಕಾಲುವೆಯ ಕೆಳಗಿನ ರೂಢಿ. ಆತನಿಗಿಂತ ಮೊದಲಿದ್ದ ನೌಕರ ತನ್ನ ತುಂಡು ಹೊಲಕ್ಕೆ ಬಿಟ್ಟುಕೊಳ್ಳುತ್ತಿದ್ದ. ಮಸ್ತಾನಸಾಬನಿಗೆ ಹೊಲವೇ ಇಲ್ಲ. ಯಾರ ಹೊಲಕ್ಕೆ ಬಿಟ್ಟರೂ ಉಳಿದವರಿಗೆ ಅನುಮಾನ. ಅದಕ್ಕೇ ಮೊದಲ ವರ್ಷದಿಂದಲೇ ಆ ತಾಸು ನೀರನ್ನು ಊರ ದನಗಳ ಹೊಂಡಕ್ಕೆ ಬಿಡುತ್ತಾ ಬಂದ. ಊರಿಗೆಲ್ಲ ಗೊತ್ತು, ಅದನ್ನು ಯಾರೂ ಪಾಳಿ ಅಂತ ಎಣಿಸಿರಲಿಲ್ಲ, ಆತನೂ ಎಣಿಸಿರಲಿಲ್ಲ. ಹೊಂಡಕ್ಕೆ ಸರ್ವೆ ನಂಬರ್ ಇಲ್ಲ. ಬಾಯಿಯಲ್ಲಿದ್ದಾಗ ಅದು ರೂಢಿ, ಕಾಗದಕ್ಕೆ ಬಂದರೆ ಸರಕಾರದ ನೀರಿನ ಕಳವು ಅಂದುಬಿಟ್ಟರೆ? ನಾಲ್ಕು ದಿನದಲ್ಲಿ ಪಿಂಚಣಿ ಆಗಬೇಕಾದ ಮನುಷ್ಯ.

ಆ ಒಂದು ತಾಸು ಬಿಟ್ಟರೆ ಪಟ್ಟಿ ಹೊರಡುವುದಿಲ್ಲ, ಹಾಕಿದರೆ ಅಪ್ಪನಿಗೆ ಕುತ್ತು. ಕೊನೆಗೆ ಹಸೀನಾ, ಸುಮ್ಮನೆ ಹೊಂಡ ಅಂತ ಬರೆದುಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಅಂದಳು. ಮಸ್ತಾನಸಾಬ ಬೇಡ ಅಂತ ಕೈ ಆಡಿಸಿದ.

"ಹೊಂಡ ಅಂತ ಬರದ್ರ ನಂಬರ್ ಎಲ್ಲಿ ಅಂತ ಕೇಳ್ತಾರ, ಇಲ್ಲಂದ್ರ ಹೊಡೆದು ಹಾಕ್ತಾರ. ನನ್ನ ಹೆಸರು ಬರಿ. ಮನಿಷ್ಯಾನ ಹೆಸರಿದ್ರ ಮನಿಷ್ಯಾನ್ನ ಕರೆದು ಕೇಳ್ತಾರ. ನಾ ಹೇಳ್ತೀನಿ."

ಆಕೆ ಬರೆದಳು. ಬಾಬುಸಾಬ್‌ನ ಹಿಂದೆ ಮಸ್ತಾನ. ಮಸ್ತಾನನ ಹಿಂದೆ ಯಾರೂ ಇಲ್ಲ. ಆತನದು ತೂಬು ತೆಗೆದ ಹೊತ್ತಿಗೇ ಶುರು, ಒಂದು ತಾಸು. ಮತ್ತೆ ಕನಕಮ್ಮನ ಪಾಳಿ ಕೇಳಿದಳು. ಹೆಸರುಗಳು ಸರಸರ ಹಿಂದಕ್ಕೆ ಹೋದವು, ಮಸ್ತಾನ ಅನ್ನುವಲ್ಲಿ ನಿಂತವು, ಅಲ್ಲಿಂದ ಲೆಕ್ಕ ಕೂಡಿಸಿಕೊಳ್ಳುತ್ತಾ ಒಂದೊಂದಾಗಿ ತಿರುಗಿ ಬಂದವು. ಉತ್ತರ ಓದಿ ಹೇಳಿದಳು: ತೂಬು ತೆಗೆದ ಆರನೇ ದಿನ, ನಸುಕಿಗೆ ಐದೂವರೆ. ಮಸ್ತಾನಸಾಬ ಬೆರಳು ಮಡಚಿ ಎಣಿಸಿ ನೋಡಿ, ಸರಿ ಐತಿ ಅಂದ. ಆತನ ಕಣ್ಣು ತುಂಬಿದ್ದವು, ಆಕೆಯದೂ ತುಂಬಿದ್ದವು. ಇಬ್ಬರೂ ಒಬ್ಬರದೊಬ್ಬರು ನೋಡದ ಹಾಗೆ ಪ್ರಿಂಟರಿನ ಕಡೆ ತಿರುಗಿದರು.

ಪಟ್ಟಿ ಮೂವತ್ತನೇ ತಾರೀಖು ಆಫೀಸರ ಮೇಜಿನ ಮೇಲಿತ್ತು. ದುರುಗಪ್ಪ, ಬಾಬುಸಾಬ್ ಇಬ್ಬರೂ ಬಂದು ಬಾಗಿಲಲ್ಲಿ ನಿಂತಿದ್ದರು. ಆಫೀಸರು ಮೊದಲ ಸಾಲಿನ ಮೇಲೇ ಬೆರಳಿಟ್ಟು, ನಂಬರಿಲ್ಲದ ಇವನಾರು ಅಂದರು. ಮಸ್ತಾನಸಾಬ ನಾನೇ ಅಂದ, ಇದ್ದದ್ದು ಇದ್ದ ಹಾಗೆ ಹೇಳಿದ. ಆಫೀಸರು ಪೆನ್ನು ತೆಗೆದರು. ದುರುಗಪ್ಪ ಒಳಗೆ ಬಂದು, ಆ ತಾಸು ನಮ್ಮ ದನಗಳದು ಸಾಹೇಬ್ರ, ಅದನ್ನ ಹೊಡದ್ರ ನಮ್ಮೆಲ್ಲರ ಪಾಳಿನೂ ಹೊಡೀರಿ ಅಂದ. ಆಫೀಸರು ನಗಲಿಲ್ಲ, ಬಯ್ಯಲಿಲ್ಲ. ಹೆಸರು ಹಾಗೇ ಇರಲಿ ಅಂತ ಕೆಳಗೆ ಸಹಿ ಹಾಕಿದರು. ಮಸ್ತಾನಸಾಬ ಮನೆಗೆ ಬಂದು ಎರಡು ದಿನ ಮಲಗಿ ನಿದ್ದೆ ಮಾಡಿದ.

ಆಮೇಲೆ ಮೂರು ವರ್ಷ ಬದುಕಿದ್ದ ಆತ. ಪ್ರತಿ ವರ್ಷ ಜುಲೈನಲ್ಲಿ ಕಾಲುವೆಗೆ ನೀರು ಬಂದ ಸುದ್ದಿ ಕೇಳಿದರೆ, ಹೊಂಡ ತುಂಬಿತೇನು ಅಂತ ಒಂದೇ ಮಾತು ಕೇಳುತ್ತಿದ್ದ. ತುಂಬುತ್ತಿತ್ತು. ಹೊಸ ನೌಕರ ಅದೇ ಪಟ್ಟಿ ಹಿಡಿದು ಮೊದಲ ತಾಸು ಹೊಂಡಕ್ಕೇ ಬಿಡುತ್ತಿದ್ದ.

ತೊಂಬತ್ತೆಂಟರಲ್ಲಿ ಕ್ಲಾಸಿಗೆ ಹೊಸ ಮಷಿನ್‌ಗಳು ಬಂದವು. ಹಳೆಯದನ್ನು ಗುಜರಿಗೆ ಹಾಕುತ್ತೇವೆ ಅಂದಾಗ ಹಸೀನಾ ಅದನ್ನು ಕೇಳಿ ಇಸಿದುಕೊಂಡು ಆಟೋದಲ್ಲಿ ಮನೆಗೆ ತಂದಳು. ವಿಷಯ ತಿಳಿದು ಸೂಗಪ್ಪ ಸರ್ ಲಿಂಗಸುಗೂರಿನಿಂದ ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ಸಜ್ಜಿ ರೊಟ್ಟಿ ತಿಂದು, ಆರು ಫ್ಲಾಪಿಯದಕ್ಕೆ ಅಂದು ಇನ್ನಷ್ಟು ದೊಡ್ಡ ಮಷಿನ್ ಸಿಕ್ಕಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಅಂತ ಇನ್ನೂ ವಾದ ಹಾಕಿದರು. ಹಸೀನಾ ನಕ್ಕು ಹಳೇ ಬುತ್ತಿ ಡಬ್ಬಿಯಿಂದ ಆ ಒಂದು ಫ್ಲಾಪಿ ತೆಗೆದು ಹಾಕಿದಳು. ಮಷಿನ್ ಕರಕರ ಅಂತು, ಕಪ್ಪು ಪರದೆಯ ಮೂಲೆಯಲ್ಲಿ ಗುರುತು ಬಂತು.

ಆಕೆ ಜಾಡು ಹಾಕಿ ಕನಕಮ್ಮನ ಪಾಳಿ ಕೇಳಿದಳು. ಹೆಸರುಗಳು ಹಿಂದಕ್ಕೆ ಹೊರಟವು. ಜುಬೇದಾಬೀ ಮೊರ ಕೆಳಗಿಟ್ಟು ಮಗಳ ಹೆಗಲ ಹಿಂದೆ ಬಂದು ನಿಂತಳು. ಆಕೆ ಗಂಡನ ಹೆಸರು ಬದುಕಿನಲ್ಲಿ ಒಮ್ಮೆಯೂ ಬಾಯಿಂದ ಆಡಿದವಳಲ್ಲ.

"ಅವರದು ಯಾವುದು?" ಅಂದಳು.

ಹಸೀನಾ ಬೆರಳಿಟ್ಟು ತೋರಿಸಿದಳು. ಎಲ್ಲರೂ ಒಬ್ಬರನ್ನೊಬ್ಬರು ಕೇಳಿ ಕೇಳಿ ಕೊನೆಗೆ ಬಂದು ನಿಂತ ಹೆಸರು ಅದು. ಜುಬೇದಾಬೀ ಪರದೆಯ ಹತ್ತಿರ ಬಗ್ಗಿದಳು, ಆ ಅಕ್ಷರಗಳ ಆಕಾರವನ್ನು ಕಂಸ ನೋಡುತ್ತಿದ್ದ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿದಳು.

"ಅವರನ್ನ ಕೇಳಿದ ಮ್ಯಾಲೇ ಉಳಿದವರದೆಲ್ಲ ಗೊತ್ತಾಗ್ತೈತೇನು?"

"ಹೌದಮ್ಮಿ."

ಸೂಗಪ್ಪ ಸರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಉತ್ತರ ಬಂದು ಪರದೆ ಸುಮ್ಮನಾಗಿತ್ತು. ಜುಬೇದಾಬೀ ಮಾತ್ರ ಅಲ್ಲಿಂದ ಕದಲಲಿಲ್ಲ.

"ಇನ್ನೊಮ್ಮೆ ಕೇಳು," ಅಂದಳು.

ಹಸೀನಾ ಇನ್ನೊಮ್ಮೆ ಕೇಳಿದಳು.